ಸಂಸಾರದ ಎಸ್‌ಯುವಿ: ಏರಿದ ಬೆಲೆಗೆ ತಕ್ಕ ಮೌಲ್ಯವಿದೆಯೇ?

2012ರ ಜುಲೈ ತಿಂಗಳಿನಲ್ಲಿ ರೆನೋ ಸಂಸ್ಥೆಯು ಡಸ್ಟರ್ ವಾಹನವನ್ನು ಭಾರತದ ಮಾರುಕಟ್ಟೆಗೆ ತಂದಾಗ ಅದರ ಆರಂಭಿಕ ಬೆಲೆ 7.19 ಲಕ್ಷ ರೂಪಾಯಿ. ರುಮೇನಿಯಾದ ಡಾಸಿಯಾ ಎಂಬ ಅಗ್ಗದ ದರದ ಬ್ರ್ಯಾಂಡಿನಲ್ಲಿ ಯುರೋಪಿನಲ್ಲಿ ಮಾರಾಟವಾಗುತ್ತಿದ್ದ ಈ ವಾಹನವು ಚೆನ್ನೈ ಸಮೀಪದ ಒರಗಡಂ ಕಾರ್ಖಾನೆಯಲ್ಲಿ ತಯಾರಾಗಿ ಇಲ್ಲಿ ರೆನೋ ಹೆಸರಿನಲ್ಲಿ ಮಾರಾಟವಾಯಿತು. ಮರುವರ್ಷವೇ ಫೋರ್ಡ್ ಇಕೋಸ್ಪೋರ್ಟ್ 5.59 ಲಕ್ಷಕ್ಕೆ ಬಂದಿತು. ಈ ಅಂಕಿಗಳು ವರ್ತಕರ ನೆನಪಿನಲ್ಲಿ ಇಂದಿಗೂ ಉಳಿದಿವೆ. ಆದುದರಿಂದಲೇ ಇಂದಿನ ಶೋರೂಮಿನಲ್ಲಿ ಹನ್ನೆರಡು, ಹದಿನೈದು, ಇಪ್ಪತ್ತು ಲಕ್ಷಗಳ ಮಾತು ಕೇಳಿದೊಡನೆ ಕಂಪನಿಗಳು ಗ್ರಾಹಕನನ್ನು ಸುಲಿಯುತ್ತಿವೆಯೆಂಬ ಭಾವನೆ ಮೂಡುವುದು ಸಹಜ.

ಆದರೆ ನೆನಪಿನಲ್ಲಿರುವ ಬೆಲೆಯನ್ನು ಇಂದಿನ ಬೆಲೆಯೊಡನೆ ನೇರವಾಗಿ ಹೋಲಿಸುವುದು ಲೆಕ್ಕಶಾಸ್ತ್ರಕ್ಕೆ ಒಪ್ಪುವ ಕ್ರಮವಲ್ಲ. ಆದಾಯ ತೆರಿಗೆಯ ಬಂಡವಾಳ ಲಾಭದ ಲೆಕ್ಕಕ್ಕಾಗಿ ಸರ್ಕಾರವು ಪ್ರತಿ ವರ್ಷ ಪ್ರಕಟಿಸುವ ವೆಚ್ಚ ಹಣದುಬ್ಬರ ಸೂಚ್ಯಂಕವು 2001-02ರಲ್ಲಿ 100 ಎಂದಿದ್ದು, 2012-13ರಲ್ಲಿ 200ಕ್ಕೂ 2025-26ರಲ್ಲಿ 376ಕ್ಕೂ ಏರಿದೆ. (2024ರ ಜುಲೈ 23ರ ಬದಲಾವಣೆಯ ನಂತರ ಈ ಸೂಚ್ಯಂಕಕ್ಕೆ ತೆರಿಗೆ ಲೆಕ್ಕದಲ್ಲಿ ಹಿಂದಿನ ಮರ್ಯಾದೆ ಉಳಿದಿಲ್ಲವೆಂಬುದು ಬೇರೆ ಮಾತು.) ಅದರಂತೆ ಡಸ್ಟರಿನ ಆ 7.19 ಲಕ್ಷವು 2025-26ರ ಹಣದಲ್ಲಿ ಸುಮಾರು 13.5 ಲಕ್ಷವಾಗುತ್ತದೆ. ಈ ಸೂಚ್ಯಂಕವು ನಗರ ಗ್ರಾಹಕ ಬೆಲೆ ಏರಿಕೆಯ ಮುಕ್ಕಾಲು ಭಾಗವನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುವುದರಿಂದ ಇದು ಗ್ರಾಹಕನ ಪರವಾಗಿಯೇ ವಾಲಿದ ಅಳತೆಗೋಲು. ಈ ಅಳತೆಯಲ್ಲಿಯೂ ಕಂಪನಿ ಪಾರಾದರೆ ಅದರ ಬೆಲೆಯನ್ನು ಅನ್ಯಾಯವೆನ್ನುವುದು ಕಷ್ಟ.

ಸ್ಕಾರ್ಪಿಯೊ ಹೇಳುವ ಕಥೆ

ಈ ವಿಷಯಕ್ಕೆ ಮಹೀಂದ್ರ ಸ್ಕಾರ್ಪಿಯೊಗಿಂತ ಒಳ್ಳೆಯ ಉದಾಹರಣೆ ದೊರೆಯದು. ಜೀಪು ಮತ್ತು ಟ್ರ್ಯಾಕ್ಟರುಗಳಿಗೆ ಹೆಸರಾಗಿದ್ದ ಕಂಪನಿಯೊಂದು ಪವನ್ ಗೋಯೆಂಕಾ ಅವರ ನೇತೃತ್ವದಲ್ಲಿ ಸ್ವದೇಶದಲ್ಲಿಯೇ ಅಭಿವೃದ್ಧಿಪಡಿಸಿದ ಈ ವಾಹನವು 2002ರ ಜೂನ್ ತಿಂಗಳಿನಲ್ಲಿ ಸುಮಾರು 5.5 ಲಕ್ಷ ರೂಪಾಯಿಗೆ ಮಾರುಕಟ್ಟೆಗೆ ಬಂದಿತು. ಇಪ್ಪತ್ತು ವರ್ಷಗಳ ನಂತರ, 2022ರ ಜೂನ್ ತಿಂಗಳಿನಲ್ಲಿ, ಅದರ ಉತ್ತರಾಧಿಕಾರಿಯಾದ ಸ್ಕಾರ್ಪಿಯೊ-ಎನ್ ಬಂದಾಗ ಆರಂಭಿಕ ಬೆಲೆ 11.99 ಲಕ್ಷ. ದುಪ್ಪಟ್ಟಿಗಿಂತ ಹೆಚ್ಚೆಂದು ಜನ ಹುಬ್ಬೇರಿಸಿದರು. ಸೂಚ್ಯಂಕವು ಇದೇ ಅವಧಿಯಲ್ಲಿ 105ರಿಂದ 331ಕ್ಕೆ, ಅಂದರೆ ಮೂರು ಪಟ್ಟಿಗಿಂತ ಮೇಲೇರಿತ್ತು. ಹಳೆಯ ಬೆಲೆ ಹಣದುಬ್ಬರದೊಡನೆ ಹೆಜ್ಜೆ ಹಾಕಿದ್ದರೆ 17.3 ಲಕ್ಷವಾಗಬೇಕಿತ್ತು.

ಹೆಚ್ಚು ಮುಖ್ಯವಾದುದು ಇನ್ನೊಂದು ಅಂಶ. 2016ರಲ್ಲಿ ಗ್ಲೋಬಲ್ ಎನ್‌ಸಿಎಪಿ ಸಂಸ್ಥೆಯು ಏರ್‌ಬ್ಯಾಗ್ ಇಲ್ಲದ ಸ್ಕಾರ್ಪಿಯೊವನ್ನು ಅಪಘಾತ ಪರೀಕ್ಷೆಗೆ ಒಳಪಡಿಸಿದಾಗ ವಯಸ್ಕ ಪ್ರಯಾಣಿಕರ ರಕ್ಷಣೆಯಲ್ಲಿ ಅದಕ್ಕೆ ದೊರೆತದ್ದು ಸೊನ್ನೆ ನಕ್ಷತ್ರ. 2022ರಲ್ಲಿ ಸ್ಕಾರ್ಪಿಯೊ-ಎನ್ ಅದೇ ಸಂಸ್ಥೆಯಿಂದ ಐದು ನಕ್ಷತ್ರ ಪಡೆಯಿತು. ಎತ್ತರದ ವಾಹನ, ಗಟ್ಟಿ ತಗಡು, ಆದುದರಿಂದ ಸುರಕ್ಷಿತವೆಂದು ನಂಬಿ ಸಂಸಾರವನ್ನೆಲ್ಲ ಕೂರಿಸಿಕೊಂಡು ಧರ್ಮಸ್ಥಳಕ್ಕೂ ತಿರುಪತಿಗೂ ಹೋಗಿಬಂದ ಎಷ್ಟೋ ಕುಟುಂಬಗಳಿಗೆ ಆ ಸೊನ್ನೆಯ ಸುದ್ದಿ ತಲುಪಿರಲಾರದು. ಅಂದಿನ ಅಗ್ಗದ ಬೆಲೆಯಲ್ಲಿ ಏನು ಸೇರಿರಲಿಲ್ಲವೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಟಾಟಾ ನೆಕ್ಸಾನ್ ಲೆಕ್ಕ ಇಷ್ಟು ಸರಳವಲ್ಲ. 2017ರ ಸೆಪ್ಟೆಂಬರಿನಲ್ಲಿ 5.85 ಲಕ್ಷಕ್ಕೆ ಬಂದ ಈ ವಾಹನವು 2018ರಲ್ಲಿ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರೆನಿಸಿತು. 2023ರ ಸೆಪ್ಟೆಂಬರಿನಲ್ಲಿ ಪರಿಷ್ಕೃತ ಮಾದರಿಯ ಬೆಲೆ 8.10 ಲಕ್ಷವಾಯಿತು. ಸೂಚ್ಯಂಕದ ಪ್ರಕಾರ 7.48 ಲಕ್ಷವಷ್ಟೇ ಆಗಬೇಕಿತ್ತು. ಹೆಚ್ಚುವರಿ 62 ಸಾವಿರಕ್ಕೆ ಬಿಎಸ್-6 ಎಂಜಿನ್ ಹಾಗೂ ಎಲ್ಲ ಮಾದರಿಗಳಲ್ಲಿಯೂ ಆರು ಏರ್‌ಬ್ಯಾಗ್ ದೊರೆತವು. ಇದನ್ನು ದುಬಾರಿಯೆನ್ನುವಂತಿಲ್ಲ.

ಮಾರುತಿ ಬ್ರೆಝಾ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. 2016ರ ಮಾರ್ಚಿನಲ್ಲಿ 6.99 ಲಕ್ಷಕ್ಕೆ ಡೀಸೆಲ್ ಎಂಜಿನ್ ದೊರೆಯುತ್ತಿತ್ತು, 2022ರಲ್ಲಿ 7.99 ಲಕ್ಷಕ್ಕೆ ದೊರೆತದ್ದು ಪೆಟ್ರೋಲ್ ಎಂಜಿನ್. ಅಂಕಿಯಲ್ಲಿ ಏರಿಕೆ ಅಲ್ಪವೆನಿಸಿದರೂ, ತಯಾರಿಕೆಗೆ ಹೆಚ್ಚು ವೆಚ್ಚ ತಗಲುವ ಎಂಜಿನ್ ಈ ಮಧ್ಯೆ ಕೈಬಿಟ್ಟುಹೋಗಿತ್ತು.

ಏರಿಕೆ ಎಲ್ಲಿ ಅಡಗಿದೆ?

ಬೆಲೆ ಏರಿಕೆಯ ಒಂದು ಭಾಗ ಕಾನೂನಿನಿಂದ ಬಂದುದು. 2019ರ ಏಪ್ರಿಲ್‌ನಿಂದ ಎಬಿಎಸ್ ಬ್ರೇಕು, ಜುಲೈಯಿಂದ ಚಾಲಕನ ಏರ್‌ಬ್ಯಾಗ್, 2020ರ ಏಪ್ರಿಲ್‌ನಿಂದ ಬಿಎಸ್-6 ಹೊಗೆ ನಿಯಮ, ಅನಂತರ ಮುಂಬದಿಯ ಸಹಪ್ರಯಾಣಿಕನ ಏರ್‌ಬ್ಯಾಗ್ ಇವೆಲ್ಲ ಕಡ್ಡಾಯವಾದವು. 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕಟ್ಟಬೇಕಾಯಿತು. ಇವುಗಳಲ್ಲಿ ಗ್ರಾಹಕನಿಗೆ ಆಯ್ಕೆಯಿಲ್ಲ.

ಇನ್ನೊಂದು ಭಾಗ ಆಯ್ಕೆಯದೇ. 2015ರಲ್ಲಿ ಹ್ಯುಂಡೈ ಕ್ರೆಟಾ ಬಂದಾಗ ಅದರ ಬೆಲೆ 8.59 ಲಕ್ಷದಿಂದ 13.60 ಲಕ್ಷದವರೆಗೆ ಇತ್ತು. 2024ರ ಜನವರಿಯಲ್ಲಿ ಕೆಳಗಿನ ಮಾದರಿಗೆ 11 ಲಕ್ಷ, ಮೇಲಿನದಕ್ಕೆ 20 ಲಕ್ಷಕ್ಕೂ ತುಸು ಹೆಚ್ಚು. ಸೂಚ್ಯಂಕದ ಪ್ರಕಾರ ಕೆಳಗಿನದು 11.77 ಲಕ್ಷ, ಮೇಲಿನದು 18.63 ಲಕ್ಷ ಆಗಬೇಕಿತ್ತು. ಅಂದರೆ ಕೆಳಗಿನ ಮಾದರಿ ಹಣದುಬ್ಬರಕ್ಕಿಂತ ಅಗ್ಗವಾಗಿದೆ, ಮೇಲಿನದು ತುಟ್ಟಿಯಾಗಿದೆ. ಸ್ಕಾರ್ಪಿಯೊ-ಎನ್ ಕೂಡ ಹನ್ನೆರಡು ಲಕ್ಷದಲ್ಲಿ ಆರಂಭವಾಗಿ ನಾಲ್ಕು ಚಕ್ರ ಚಾಲನೆಯ ಸ್ವಯಂಚಾಲಿತ ಮಾದರಿಯಲ್ಲಿ 23.90 ಲಕ್ಷ ಮುಟ್ಟಿತು; ಅದೂ ಮೊದಲ 25,000 ಬುಕಿಂಗುಗಳಿಗೆ ಮಾತ್ರ ಅನ್ವಯಿಸುವ ಪರಿಚಯಾತ್ಮಕ ಬೆಲೆ. ಬುಕಿಂಗ್ ತೆರೆದ ಅರ್ಧ ಗಂಟೆಯಲ್ಲಿ ಒಂದು ಲಕ್ಷ ಬೇಡಿಕೆ ಬಂದಿತೆಂದರೆ ಉಳಿದ ಮುಕ್ಕಾಲು ಪಾಲು ಜನ ಜಾಹೀರಾತಿನ ಬೆಲೆಗೆ ವಾಹನ ಪಡೆಯಲಿಲ್ಲವೆಂದೇ ಅರ್ಥ. ಜಾಹೀರಾತು ಆರಂಭಿಕ ಬೆಲೆಯನ್ನು ತೋರಿಸಿ ಕರೆಯುತ್ತದೆ. ಶೋರೂಮಿನ ಮಾರಾಟಗಾರ ಗಾಜಿನ ಛಾವಣಿ, ದೊಡ್ಡ ಪರದೆ, ತಂಪು ಗಾಳಿಯ ಆಸನಗಳನ್ನು ತೋರಿಸಿ ಮೇಲಕ್ಕೆ ಹತ್ತಿಸುತ್ತಾನೆ. ಆತನ ಕಸುಬೇ ಅದು, ತಪ್ಪೆನ್ನಲಾಗದು.

ಪೀಣ್ಯ, ಬಿಡದಿಗಳಲ್ಲಿ ಬಿಡಿಭಾಗ ತಯಾರಿಸುವ ಸಣ್ಣ ಕೈಗಾರಿಕೆಗಳ ಮಾಲೀಕರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: ವಾಹನದ ಬೆಲೆ ವರ್ಷದಿಂದ ವರ್ಷಕ್ಕೆ ಏರುವಾಗ ಪೂರೈಕೆದಾರನನ್ನು ಮಾತ್ರ ದರ ಇಳಿಸುವಂತೆ ಕೇಳುವುದೇಕೆ? ಇದು ಪ್ರತ್ಯೇಕ ಚರ್ಚೆಗೆ ಅರ್ಹವಾದ ವಿಷಯ.

ಕೆಲವು ಸೆಂಟಿಮೀಟರ್, ಕೆಲವು ಸಾವಿರ ರೂಪಾಯಿ

2006-07ರ ಮುಂಗಡ ಪತ್ರದಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದಾಗ ಎಳೆದ ನಾಲ್ಕು ಮೀಟರ್ ಉದ್ದದ ಗೆರೆಯು ಜಿಎಸ್‌ಟಿಯಲ್ಲಿಯೂ ಮುಂದುವರಿದಿದೆ. ನಾಲ್ಕು ಮೀಟರಿಗೆ ಮೀರದ ಉದ್ದ, ಪೆಟ್ರೋಲ್ ಎಂಜಿನ್ 1,200 ಸಿಸಿ ಅಥವಾ ಡೀಸೆಲ್ ಎಂಜಿನ್ 1,500 ಸಿಸಿ ಒಳಗಿದ್ದರೆ 2025ರ ಸೆಪ್ಟೆಂಬರ್ 22ರಿಂದ ತೆರಿಗೆ ಶೇ. 18. ಮೀರಿದರೆ ಶೇ. 40. ಮೊದಲು ಸೆಸ್ ಸೇರಿ ಸಣ್ಣ ಪೆಟ್ರೋಲ್ ಕಾರಿಗೆ ಶೇ. 29, ಮಧ್ಯಮ ಗಾತ್ರಕ್ಕೆ 45, ದೊಡ್ಡ ಎಸ್‌ಯುವಿಗೆ 50 ಇತ್ತು. ಆದುದರಿಂದ ಬದಲಾವಣೆಯ ಲಾಭ ಎಲ್ಲರಿಗೂ ಒಂದೇ ಆಗಿಲ್ಲ: ಸಣ್ಣದಕ್ಕೆ ಬೆಲೆಯ ಶೇ. 8.5, ದೊಡ್ಡದಕ್ಕೆ ಶೇ. 6.7, ಮಧ್ಯಮಕ್ಕೆ ಕೇವಲ ಶೇ. 3.4. ನೆಕ್ಸಾನ್ ಆರಂಭಿಕ ಬೆಲೆ ಆಗ 7.32 ಲಕ್ಷಕ್ಕೆ ಇಳಿದು ಸೂಚ್ಯಂಕದ 8.09 ಲಕ್ಷಕ್ಕಿಂತ ಕೆಳಗೆ ಬಂದಿತು. ಬ್ರೆಝಾ ನಾಲ್ಕು ಮೀಟರಿನ ಒಳಗೇ ಇದ್ದರೂ ಅದರ ಎಂಜಿನ್ 1,462 ಸಿಸಿ ಆದುದರಿಂದ ಶೇ. 40ರ ಗುಂಪಿಗೇ ಸೇರಿತು. ವಾಹನದ ಉದ್ದವನ್ನಷ್ಟೇ ನೋಡಿ ತೆರಿಗೆ ಊಹಿಸುವವರು ಇಲ್ಲಿ ಎಡವುತ್ತಾರೆ.

ಕರ್ನಾಟಕದ ಜೀವಿತಾವಧಿ ರಸ್ತೆ ತೆರಿಗೆಯಲ್ಲಿ ಇನ್ನೊಂದು ಗೆರೆಯಿದೆ. 2025ರಲ್ಲಿದ್ದ ದರಗಳಂತೆ ಐದರಿಂದ ಹತ್ತು ಲಕ್ಷದ ಕಾರಿಗೆ ಶೇ. 14, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ ಶೇ. 17, ಅದರಾಚೆಗೆ ಶೇ. 18, ಅದರ ಮೇಲೆ ಸೆಸ್ ಬೇರೆ. ದರವು ಪೂರ್ಣ ಬೆಲೆಗೆ ಅನ್ವಯಿಸುವುದರಿಂದ 9.99 ಲಕ್ಷದ ವಾಹನಕ್ಕೆ ತೆರಿಗೆ ಸುಮಾರು 1.40 ಲಕ್ಷವಾದರೆ 10.01 ಲಕ್ಷದ ವಾಹನಕ್ಕೆ 1.70 ಲಕ್ಷ. ಎರಡು ಸಾವಿರ ರೂಪಾಯಿಯ ಬಣ್ಣಕ್ಕೋ ಅಲಂಕಾರಕ್ಕೋ ಆಸೆಪಟ್ಟವನು ಮೂವತ್ತು ಸಾವಿರ ತೆರಿಗೆ ಕಟ್ಟಬೇಕಾದೀತು. ಹತ್ತು ಲಕ್ಷ ಮೀರಿದರೆ ಶೇ. 1ರ ಟಿಸಿಎಸ್ ಕೂಡ ಉಂಟು. ಆದರೆ ಅದು ವಾರ್ಷಿಕ ತೆರಿಗೆಯಲ್ಲಿ ವಜಾ ಆಗುವುದರಿಂದ ವೆಚ್ಚವಲ್ಲ.

ಅಂಗಡಿಯ ಹೆಸರಿನಲ್ಲಿ ಕೊಂಡರೆ

‘ಸಂಸ್ಥೆಯ ಹೆಸರಿನಲ್ಲಿ ಕೊಳ್ಳಿ, ತೆರಿಗೆಯಲ್ಲೇ ವಸೂಲಾಗುತ್ತದೆ’ ಎಂಬ ಸಲಹೆ ಧಾರಾಳವಾಗಿ ದೊರೆಯುತ್ತದೆ. ಮೊದಲನೆಯದಾಗಿ, ಚಾಲಕನೂ ಸೇರಿ ಹದಿಮೂರು ಜನರಿಗಿಂತ ಹೆಚ್ಚು ಆಸನವಿಲ್ಲದ ಪ್ರಯಾಣಿಕ ವಾಹನಕ್ಕೆ ಕಟ್ಟಿದ ಜಿಎಸ್‌ಟಿಗೆ ಸಾಮಾನ್ಯ ವರ್ತಕನಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ. 2019ರ ಫೆಬ್ರುವರಿಯಿಂದ ಅದರ ವಿಮೆ, ದುರಸ್ತಿಗಳ ಕ್ರೆಡಿಟ್ಟಿಗೂ ತಡೆಯಿದೆ. ಉಳಿಯುವುದು ಸವಕಳಿ ಮಾತ್ರ. ಅದರ ದರ ಇಳಿಕೆ ಮೊತ್ತದ ಮೇಲೆ ಶೇ. 15, ಆ ವರ್ಷ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಮಾರ್ಚ್ ಕೊನೆಯ ವಾರ ಶೋರೂಮಿಗೆ ಧಾವಿಸುವವರು ಪಡೆಯುವುದು ಈ ಅರ್ಧವನ್ನೇ.

ಪಾಲುದಾರಿಕೆ ಸಂಸ್ಥೆಯೊಂದು 15 ಲಕ್ಷ ಕೊಟ್ಟು ವಾಹನ ಕೊಂಡಿತೆಂದು ಇಟ್ಟುಕೊಂಡರೆ, ಪೂರ್ಣ ದರದಲ್ಲಿ ಐದು ವರ್ಷಗಳ ಸವಕಳಿಯ ಮೊತ್ತ 8.34 ಲಕ್ಷ. ಶೇ. 30ರ ದರದಲ್ಲಿ ಉಳಿಯುವ ತೆರಿಗೆ ಸುಮಾರು 2.5 ಲಕ್ಷ. ಸ್ವಂತ ಬಳಕೆಯ ಅಂಶವನ್ನು ಅಧಿಕಾರಿಗಳು ಕಳೆದರೆ ಅದೂ ಇಳಿಯುತ್ತದೆ. ಹದಿನೈದು ಲಕ್ಷ ಖರ್ಚು ಮಾಡಿ ಎರಡೂವರೆ ಲಕ್ಷ ಉಳಿಸುವುದನ್ನು ವಸೂಲಿಯೆಂದು ಕರೆಯುವುದು ಹೇಗೆ? ಐದು ವರ್ಷಗಳ ನಂತರ ಪುಸ್ತಕದಲ್ಲಿ ವಾಹನದ ಮೌಲ್ಯ 6.66 ಲಕ್ಷ ಉಳಿದಿರುತ್ತದೆ; ಅದಕ್ಕಿಂತ ಹೆಚ್ಚಿಗೆ ಮಾರಿದಲ್ಲಿ ಆ ಅಂತರದ ಮೇಲೆ ಶೇ. 18ರ ಜಿಎಸ್‌ಟಿ ಕಟ್ಟಬೇಕೆಂಬುದನ್ನು ಬಹಳ ವರ್ತಕರು ಮರೆಯುತ್ತಾರೆ. ಕಡಿಮೆಗೆ ಮಾರಿದರೆ ಜಿಎಸ್‌ಟಿ ಇಲ್ಲ.

ಮಾಸಿಕ ಕಂತು ಇನ್ನೊಂದು ಮರೆ. ಹತ್ತು ಲಕ್ಷ ಸಾಲಕ್ಕೆ ಶೇ. 9ರ ಬಡ್ಡಿಯಲ್ಲಿ ಐದು ವರ್ಷಗಳ ಕಂತು 20,758 ರೂಪಾಯಿ. ಏಳು ವರ್ಷಗಳಿಗೆ ಎಳೆದರೆ 16,089. ತಿಂಗಳಿಗೆ ನಾಲ್ಕೂವರೆ ಸಾವಿರ ಹಗುರವಾದಂತೆ ತೋರಿದರೂ ಒಟ್ಟು ಬಡ್ಡಿ 2.45 ಲಕ್ಷದಿಂದ 3.51 ಲಕ್ಷಕ್ಕೆ ಏರುತ್ತದೆ. ಮೇಲಿನ ಮಾದರಿಗಳ ಬೆಲೆ ಜನರಿಗೆ ಭಾರವೆನಿಸದಿರುವುದಕ್ಕೆ ಈ ಏಳು ವರ್ಷಗಳ ಸಾಲವೇ ಬಹುಪಾಲು ಕಾರಣ.

ಮರುಮಾರಾಟವೂ ಚಿಂತಿಸಬೇಕಾದ ವಿಷಯ. ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿದಾಗ ಅಂದು 5.59 ಲಕ್ಷಕ್ಕೆ ಮೆಚ್ಚಿಗೆ ಗಳಿಸಿದ್ದ ಇಕೋಸ್ಪೋರ್ಟ್ ಮಾಲೀಕರು ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಚೌಕಾಸಿಗೆ ಒಳಗಾದರು. 2025ರ ಆಗಸ್ಟಿನಲ್ಲಿ ಹಬ್ಬಕ್ಕೆ ಮೊದಲೇ ಹೊಸ ವಾಹನ ಕೊಂಡವರಿಗೆ ಮರುತಿಂಗಳ ತೆರಿಗೆ ಇಳಿಕೆಯಿಂದ ಅದೇ ಬಗೆಯ ಪೆಟ್ಟು ಬಿದ್ದಿತು.

ಹಾಗಾಗಿ ಹನ್ನೊಂದು ಲಕ್ಷದ ಮಾದರಿಯಲ್ಲಿಯೇ ಏರ್‌ಬ್ಯಾಗುಗಳೂ ಸ್ಥಿರತೆ ಕಾಯುವ ಸಾಧನವೂ ದೊರೆಯುವಾಗ, ಅದೇ ವಾಹನದ ಹದಿನೈದು ಲಕ್ಷದ ಮಾದರಿಗೆ ಕೊಡುವ ಹೆಚ್ಚುವರಿ ನಾಲ್ಕು ಲಕ್ಷವನ್ನು ವರ್ತಕನು ಬೇರೆ ತಕ್ಕಡಿಯಲ್ಲಿ ತೂಗಬೇಕು. ವರ್ಷಕ್ಕೆ ಆರು ಬಾರಿ ಸರಕು ತಿರುಗುವ, ನಿವ್ವಳ ಶೇ. 3 ಉಳಿಯುವ ದಿನಸಿ ಸಗಟು ವ್ಯಾಪಾರದಲ್ಲಿ ಆ ನಾಲ್ಕು ಲಕ್ಷ ವರ್ಷಕ್ಕೆ 72 ಸಾವಿರ ದುಡಿಯುತ್ತದೆ. ದಾಸ್ತಾನಿಗೆ ಬ್ಯಾಂಕಿನ ಓವರ್‌ಡ್ರಾಫ್ಟ್ ಬಳಸುತ್ತಾ, ಅದೇ ಹೊತ್ತಿಗೆ ಗಾಜಿನ ಛಾವಣಿಗೆ ಸ್ವಂತ ಹಣ ತೊಡಗಿಸಿರುವ ಸಂಸ್ಥೆಗಳ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಈ ಎರಡು ಸಾಲುಗಳು ಒಂದೇ ಪುಟದಲ್ಲಿ ಎದುರುಬದುರಾಗಿ ಕಾಣಸಿಗುತ್ತವೆ.