ಮನೆಯಲ್ಲಿ ಓದಿ ಹೇಳುವವರು

ಪಿಂಚಣಿ ಬರುವವರಿಗೆಲ್ಲ ವರ್ಷಕ್ಕೊಮ್ಮೆ ಒಂದು ಕೆಲಸ ಉಂಟು. ತಾನಿನ್ನೂ ಬದುಕಿದ್ದೇನೆ ಎಂದು ತೋರಿಸಿಕೊಡಬೇಕು. ಜೀವಂತ ಪ್ರಮಾಣಪತ್ರ ಅಂತ ಅದರ ಹೆಸರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಮನೆಗಳಲ್ಲಿ ಈ ಕೆಲಸ ಹೆಚ್ಚಾಗಿ ಬೀಳುವುದು ಅಜ್ಜಿಯಂದಿರಿಗೆ. ಅಜ್ಜಂದಿರು ಮೀನು, ಅಡಿಕೆ, ಗುಜರಿ ಅಂತ ಊರೂರು ತಿರುಗಿದವರು, ಅವರಿಗೆ ಪಿಂಚಣಿ ಎಲ್ಲಿಂದ? ಪಿ.ಎಫ್. ಅಂತ ಒಂದು ಇದ್ದದ್ದು ಬೀಡಿ ಕಟ್ಟಿದ ಹೆಂಗಸರಿಗೆ.

ಬೀಡಿ ಕಾರ್ಮಿಕರಿಗೆಂದು ಕಾಯ್ದೆ ಬಂದದ್ದು 1966ರಲ್ಲಿ. ಭವಿಷ್ಯನಿಧಿಯ ವ್ಯಾಪ್ತಿಗೆ ಬೀಡಿ ಸೇರಿದ್ದು 1977ರಲ್ಲಿ. ಪಿಂಚಣಿ ಯೋಜನೆ ಶುರುವಾದದ್ದು 1995ರ ನವೆಂಬರಿನಲ್ಲಿ. ಹತ್ತು ವರ್ಷದ ಸೇವೆ ಇದ್ದರೆ 58 ತುಂಬಿದ ಮೇಲೆ ತಿಂಗಳು ತಿಂಗಳು ಹಣ. 2014ರ ಸೆಪ್ಟೆಂಬರಿನಲ್ಲಿ ಕನಿಷ್ಠ 1,000 ರೂಪಾಯಿ ಅಂತ ಮಾಡಿದರು. ಹತ್ತು ವರ್ಷ ಕಳೆದ ಮೇಲೂ ಅದು ಸಾವಿರದಲ್ಲೇ ನಿಂತಿತ್ತು. ಮೊತ್ತ ಸಣ್ಣದು ಹೌದು. ಆದರೆ ಅದು ಅಜ್ಜಿಯ ಸ್ವಂತ ಹಣ. ಪೆರ್ನಾಲಿಗೆ ಮೊಮ್ಮಕ್ಕಳ ಕೈಗೆ ನೂರು ರೂಪಾಯಿ ಇಡುವಾಗ ಮಗನ ಮುಖ ನೋಡಬೇಕಾಗಿಲ್ಲ.

ತೊಂದರೆ ಬಂದದ್ದು ಬೆರಳಿನಲ್ಲಿ. 2014ರಲ್ಲಿ ಈ ಪ್ರಮಾಣಪತ್ರ ಡಿಜಿಟಲ್ ಆಯಿತು, ಬೆರಳು ಒತ್ತಿದರೆ ಸಾಕು ಎಂದರು. ಒತ್ತಿದರೆ ಬರಬೇಕಲ್ಲ? ನೆನೆಸಿದ ಎಲೆಯನ್ನು ಕತ್ತರಿಸಿ, ತಂಬಾಕು ಹುಡಿ ತುಂಬಿ, ಸುರುಳಿ ಸುತ್ತಿ, ನೂಲು ಕಟ್ಟಿ, ಬಾಯಿ ಮಡಚಿ, ದಿನಕ್ಕೆ ಸಾವಿರದ ಲೆಕ್ಕದಲ್ಲಿ ಮೂವತ್ತು ನಲವತ್ತು ವರ್ಷ ದುಡಿದ ಬೆರಳು ಅದು. ವಯಸ್ಸಾದಾಗ ಯಾರ ಗೆರೆಯೂ ಸವೆಯುತ್ತದೆ, ಬೀಡಿಯ ಕೈಯದ್ದು ಇನ್ನೂ ಬೇಗ. ಹೆಬ್ಬೆರಳು ಆಗಲಿಲ್ಲ, ತೋರುಬೆರಳು ಆಗಲಿಲ್ಲ, ಸೆರಗಲ್ಲಿ ಒರಸಿ ಮತ್ತೊಮ್ಮೆ ಇಟ್ಟರೂ ಆಗಲಿಲ್ಲ. ನಾಳೆ ಬನ್ನಿ. ಬೆಳ್ತಂಗಡಿಯ ಅಜ್ಜಿಯಾದರೆ ಸರಕಾರಿ ಬಸ್ಸಿಗೆ ಆಧಾರ್ ತೋರಿಸಿ ಟಿಕೆಟಿನ ಕಾಸಿಲ್ಲದೆ ಬಂದು ಹೋದಾಳು. ಮೂಡುಬಿದಿರೆ ದಾರಿಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅಲ್ಲಿ ಪ್ರತಿ "ನಾಳೆ"ಗೂ ದುಡ್ಡು.

2021ರ ನವೆಂಬರಿನಿಂದ ಮುಖ ತೋರಿಸಿದರೂ ಸಾಕು ಎಂದಾಯಿತು. ಮೊಬೈಲಿನಲ್ಲಿ ಎರಡು ಆ್ಯಪ್, ಒಂದು ಆಧಾರ್ ನಂಬರು, ಕ್ಯಾಮೆರಾ ಎದುರು ಕಣ್ಣು ಮಿಟುಕಿಸಬೇಕು, ಅಷ್ಟೆ. ಇದನ್ನು ಮನೆಯಲ್ಲಿ ಮಾಡಿಕೊಡುವುದು ಯಾರು? ಪಿಯುಸಿ ಓದುವ ಮೊಮ್ಮಗಳು. ಅಜ್ಜಿ ತಲೆಯ ಬಟ್ಟೆ ಸರಿಮಾಡಿಕೊಂಡು, ಗೋಡೆಗೆ ಒರಗಿ, ಮದುವೆ ಫೋಟೋಕ್ಕೂ ಕೂರದಷ್ಟು ನೆಟ್ಟಗೆ ಕೂರುತ್ತಾಳೆ. ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು. "ಆಯ್ತಾ? ಈಗ ನನ್ನ ಮುಖ ನೋಡಿದ್ದು ಯಾರು?" ಎಂದು ಅಜ್ಜಿ ಕೇಳುವ ಹೊತ್ತಿಗೆ ಹುಡುಗಿ ಒಳಗಿನ ಕೋಣೆಯಲ್ಲಿ.

ಆ ವಯಸ್ಸಿನಲ್ಲಿ ನಾವೂ ಮನೆಯಲ್ಲಿ ಇದೇ ಕೆಲಸ ಮಾಡಿದವರು. ಎಪ್ಪತ್ತರ ದಶಕದ ಕೊನೆ, ಎಂಬತ್ತರ ದಶಕ. ಗಂಡಸರು ಮೊದಲು ಬೊಂಬಾಯಿಗೆ, ಮತ್ತೆ ಅಲ್ಲಿಂದ ಗಲ್ಫಿಗೆ ಹೋದ ಕಾಲ. ಉಮ್ಮನಿಗೆ ಕುರ್‌ಆನ್ ಓದಲು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಹಾಗಾಗಿ ಪೋಸ್ಟಿನವರು ಕೊಟ್ಟ ಕಾಗದ ನಾಲ್ಕನೆಯೋ ಐದನೆಯೋ ಕ್ಲಾಸಿನ ಮಗುವಿನ ಕೈಗೆ. ಬರೆಯುವುದೂ ನಾವೇ. ಉಮ್ಮ ಹೇಳುವುದು ಬ್ಯಾರಿಯಲ್ಲಿ, ನಾವು ಬರೆಯುವುದು ಶಾಲೆಯ ಕನ್ನಡದಲ್ಲಿ, ಅಲ್ಲಿ ದುಬೈಯ ರೂಮಿನಲ್ಲಿ ಉಪ್ಪ ಅದನ್ನು ಪುನಃ ಬ್ಯಾರಿ ಮಾಡಿಕೊಂಡು ಓದಬೇಕು. ಎಷ್ಟು ಮಾತು ದಾರಿಯಲ್ಲಿ ಉದುರಿತೋ ಏನೋ!

ಮಗ್ರಿಬ್ ಆದ ಮೇಲೆ ಚಿಮಿಣಿ ದೀಪದ ಹತ್ತಿರ ಬೋರಲು ಮಲಗಿ ಬರೆಯುವುದು. ಉಮ್ಮನ ಕೈ ಬೀಡಿಯಲ್ಲೇ ಇರುತ್ತಿತ್ತು, ಬಾಯಿ ನಮ್ಮ ಜೊತೆ. ಸೊಸೈಟಿಯಲ್ಲಿ ಅಡವಿಟ್ಟ ಸರದ ಬಡ್ಡಿ, ಮಾಡಿನ ಹಂಚು ಒಡೆದದ್ದು, ಅಕ್ಕನನ್ನು ನೋಡಲು ಬಂದವರು ಕೇಳಿದ ಪವನು, ಬ್ರಾಂಚಿನಲ್ಲಿ ಎಷ್ಟು ಬೀಡಿ ಹಾಳೆಂದು ಬದಿಗೆ ಹಾಕಿದರು ಎಂಬುದು, ಎಲ್ಲ ನಮ್ಮ ಪೆನ್ನಿನ ತುದಿಯಿಂದಲೇ ಹೋಗಬೇಕಿತ್ತು. ನಡುವೆ ಉಮ್ಮ ಸುಮ್ಮನಾದರೆ ನಾವೂ ಸುಮ್ಮನೆ ಕಾಯುವುದು. "ಅದು ಬೇಡ, ಹೊಡೆದು ಹಾಕು" ಎಂದರೆ ಗೀಟು ಎಳೆಯುವುದು. ಮನೆಯ ಕಷ್ಟ ಏನೆಂದು ಯಾರೂ ನಮ್ಮನ್ನು ಕೂರಿಸಿ ಪಾಠ ಹೇಳಿದ್ದಲ್ಲ. ಕಾಗದ ಬರೆದೇ ಗೊತ್ತಾದದ್ದು.

ಈಗಿನ ಮಗುವಿಗೆ ಒಟಿಪಿ ಗೊತ್ತು, ಪಾಸ್‌ವರ್ಡ್ ಗೊತ್ತು, ಅಜ್ಜಿಯ ಖಾತೆಯಲ್ಲಿ ಎಷ್ಟುಂಟೆಂದು ಗೊತ್ತು. ಆ ಸಾವಿರ ರೂಪಾಯಿ ಯಾವ ಲೆಕ್ಕದಲ್ಲಿ ಬರುತ್ತದೆಂದು ಕೇಳಿ ನೋಡಿ, "ಗವರ್ನಮೆಂಟಿನದ್ದು" ಎನ್ನುತ್ತದೆ. ಮಗುವನ್ನು ದೂರಿ ಫಲವಿಲ್ಲ. ಆ್ಯಪ್ ಕೇಳುವುದು ನಂಬರು, ಸಂಗತಿಯನ್ನಲ್ಲ. ಮತ್ತೆ ಬೀಡಿಯ ಮಾತೇ ಮನೆಗಳಲ್ಲಿ ಕಡಿಮೆಯಾಗಿದೆ. ಮಗ ಇಂಜಿನಿಯರು, ಮಗಳು ಟೀಚರು, ಸಂಬಂಧ ನೋಡಲು ಬಂದವರ ಮುಂದೆ ತಡ್ಪೆ, ಕತ್ತರಿಯ ಸುದ್ದಿ ಯಾರು ತೆಗೆಯುತ್ತಾರೆ? ಆ ಫೀಸು ಯಾವ ಕೈಯಿಂದ ಹೋಯಿತೆಂದು ಅಜ್ಜಿಗೆ ಗೊತ್ತು, ಅವಳೂ ಹೇಳುವುದಿಲ್ಲ.

ನಾವು ನಡುವಿನವರು. ನಮಗೂ ಅರುವತ್ತು ಹತ್ತಿರ ಬಂತು. ಮಸೀದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಹೆಚ್ಚಾಗಿವೆ, ಅದರಲ್ಲಿ ನಮ್ಮ ಕ್ಲಾಸಿನವರೂ ಕಾಣುತ್ತಾರೆ. ಬ್ಯಾಂಕಿನ ಮೆಸೇಜು ಬಂದರೆ ಕನ್ನಡಕ ಹುಡುಕುವ ಮೊದಲು ಮಗನನ್ನು ಕರೆಯುವ ಅಭ್ಯಾಸ ನಮಗೂ ಶುರುವಾಗಿದೆ. ಆಗಲೇ ತಿಳಿದದ್ದು, ಕೇಳುವುದು ಎಷ್ಟು ಕಷ್ಟದ ಕೆಲಸ ಅಂತ. ಮೊದಲ ಸಲ ಕೇಳುತ್ತೇವೆ. "ಮತ್ತೆ ಮಾಡ್ತೇನೆ" ಎಂದರೆ ಎರಡನೇ ಸಲವೂ ಕೇಳುತ್ತೇವೆ. ಮೂರನೇ ಸಲ ಮೊಬೈಲನ್ನು ಕಿಸೆಗೆ ಹಾಕಿ ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾದ ಅಜ್ಜಿಯ ಪಿಂಚಣಿಯೇ ನಿಲ್ಲುವುದು. ಎರಡು ಮೂರು ತಿಂಗಳು ಹಣ ಬರದಿದ್ದರೂ ಅವಳು ಯಾರಿಗೂ ಹೇಳಿರುವುದಿಲ್ಲ.

ಬೀಡಿ ಪಿಂಚಣಿಯವರು ನವೆಂಬರ್ ರಶ್ಶಿಗೆ ಕಾಯಬೇಕೆಂದಿಲ್ಲ. ಯಾವ ತಿಂಗಳಲ್ಲಿ ಮಾಡಿದರೂ ಪ್ರಮಾಣಪತ್ರ ಅಲ್ಲಿಂದ ಒಂದು ವರ್ಷಕ್ಕೆ ಆಗುತ್ತದೆ. ಮಾಡಿದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬೇಕಾದದ್ದು ಆಧಾರ್, ಬ್ಯಾಂಕ್ ಪಾಸ್‌ಬುಕ್, ಮೊಬೈಲ್, ಮತ್ತೆ ಪಿಪಿಒ ನಂಬರು. ಆ ನಂಬರಿನ ಕಾಗದ ಅಜ್ಜಿಯ ಪೆಟ್ಟಿಗೆಯಲ್ಲಿರುತ್ತದೆ, ಸೀರೆಗಳ ಅಡಿಯಲ್ಲಿ, ಪ್ಲಾಸ್ಟಿಕ್ ಚೀಲದೊಳಗೆ ಮಡಚಿಟ್ಟದ್ದು. ಹುಡುಕಲು ಮೊಮ್ಮಗಳನ್ನೇ ಕೂರಿಸಿ. ಅದೇ ಚೀಲದಲ್ಲಿ ಹಳೆಯ ಬೀಡಿ ಪಾಸ್‌ಬುಕ್ಕೂ ಇದ್ದೀತು, ವಾರ ವಾರ ಎಷ್ಟು ಸಾವಿರ ಕಟ್ಟಿದ್ದೆಂದು ಬರೆದದ್ದು. ಅದನ್ನೂ ಒಮ್ಮೆ ಗಟ್ಟಿಯಾಗಿ ಓದಿಸಿ.