ಕಪ್ಪು ಏಲ್‌ಗೆ ಬಿಳಿಜೋಳದ ನುಚ್ಚು

ಬಿಯರ್ ಕಪ್ಪಗಿದ್ದಷ್ಟೂ ನಶೆ ಜಾಸ್ತಿ ಎಂದು ಬಹಳ ಮಂದಿ ನಂಬಿದ್ದಾರೆ. ಜೇವರ್ಗಿ ತಾಲ್ಲೂಕಿನ ನಮ್ಮೂರು ನೆಲೋಗಿಗೆ ಹೋದಾಗ ಗೆಳೆಯರು ಹೀಗೆಯೇ ಹೇಳುತ್ತಾರೆ. ಕೆಲಸಕ್ಕೆಂದು ಬಂದು ನೆಲೆಸಿರುವ ಇಂಗ್ಲೆಂಡಿನ ಲೀಡ್ಸ್‌ನಲ್ಲೂ ಇದೇ ಮಾತು ಕೇಳುತ್ತೇನೆ. ಬಣ್ಣಕ್ಕೂ ನಶೆಗೂ ಸಂಬಂಧವಿಲ್ಲ. ಇಲ್ಲಿನ ಗಣಿ, ಗಿರಣಿಗಳ ಕೆಲಸಗಾರರು ದಣಿವಾರಿಸಿಕೊಳ್ಳಲು ಕುಡಿಯುತ್ತಿದ್ದ ‘ಮೈಲ್ಡ್’ ಎಂಬ, ಏಲ್ ಬಗೆಯ ಕಪ್ಪು ಬಿಯರಿನಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ 3ರಿಂದ 4ರಷ್ಟು. ನಾನು ಮನೆಯಲ್ಲಿ ಮಾಡುವುದೂ ಅದನ್ನೇ, ನಮ್ಮ ಕಡೆಯ ಬಿಳಿಜೋಳ ಸೇರಿಸಿ.

ಬ್ರಿಟನ್ನಿನಲ್ಲಿ 1963ರಿಂದ ಸ್ವಂತ ಬಳಕೆಗೆ ಬಿಯರ್ ಮಾಡಿಕೊಳ್ಳಲು ಪರವಾನಗಿ ಬೇಕಿಲ್ಲ, ಮಾರುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನ ಓದುಗರು ಇದನ್ನು ತಿಳಿವಳಿಕೆಗೆಂದು ಓದಬೇಕು, ಮಾಡಲು ಹೊರಡಬಾರದು.

ಬಿಯರಿನ ಮೂಲ ಮಾಲ್ಟ್. ಬಾರ್ಲಿಯನ್ನು, ಅಂದರೆ ಜವೆಗೋಧಿಯನ್ನು, ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮೊಳೆಯುವಾಗ ಕಾಳಿನೊಳಗೆ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳು ಹುಟ್ಟುತ್ತವೆ. ಇದೇ ಮಾಲ್ಟನ್ನು ಕಡುವಾಗಿ ಹುರಿದರೆ ಕಿಣ್ವಗಳು ಸಾಯುತ್ತವೆ. ಉಳಿಯುವುದು ಬಣ್ಣ ಮತ್ತು ಕಾಫಿಯಂಥ ಕಹಿ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ತಿರುಗುವ ಉರುಳೆಯಲ್ಲಿ ಮಾಲ್ಟ್ ಹುರಿಯುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಬಿಯರನ್ನು ಕಪ್ಪಾಗಿಸಲು ಒಂದೆರಡು ಹಿಡಿ ಹುರಿದ ಕಾಳು ಸಾಕೆಂದಾಯಿತು. ನನ್ನ 20 ಲೀಟರಿನ ಲೆಕ್ಕ ಹೀಗಿದೆ: ತೆಳುಬಣ್ಣದ ಮಾಲ್ಟ್ ಎರಡೂವರೆ ಕಿಲೊ, ಬಿಳಿಜೋಳದ ನುಚ್ಚು ಅರ್ಧ ಕಿಲೊ, ಸಕ್ಕರೆಪಾಕದ ರುಚಿ ಕೊಡುವ ಕ್ರಿಸ್ಟಲ್ ಮಾಲ್ಟ್ 250 ಗ್ರಾಂ, ಕಡುವಾಗಿ ಹುರಿದದ್ದು 200 ಗ್ರಾಂ.

ಜೋಳಕ್ಕೆ ಬೇರೆಯೇ ಆರೈಕೆ ಬೇಕು. ಅದರ ಪಿಷ್ಟ ಸರಿಯಾಗಿ ಅರಳಲು 70 ಡಿಗ್ರಿ ದಾಟಬೇಕು. ಆ ಬಿಸಿಗೆ ಬಾರ್ಲಿಯ ಕಿಣ್ವಗಳು ಉಳಿಯುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಜೋಳ ದಂಡ. ಹಾಗಾಗಿ ನಮ್ಮವ್ವ ನುಚ್ಚು ಕುದಿಸುವಂತೆಯೇ ಕುದಿಸುತ್ತೇನೆ: ಎಸರು ಕುದಿಯುವಾಗ ಒಂದು ಕೈಯಿಂದ ನುಚ್ಚು ಉದುರಿಸುತ್ತ, ಇನ್ನೊಂದರಿಂದ ಗಂಟಾಗದಂತೆ ತಿರುವುತ್ತ, ಕಾಳು ಬೆರಳಲ್ಲಿ ಹಿಸುಕಿದರೆ ಕರಗುವ ತನಕ. ಅದನ್ನು ಆರಿಸಿ ಮಾಲ್ಟಿನ ಜೊತೆ ಬೆರೆಸಿ 66 ಡಿಗ್ರಿಯಲ್ಲಿ ಒಂದು ತಾಸು ಇಡಬೇಕು. ಸೌಟು ನಿಲ್ಲುವಷ್ಟು ಗಟ್ಟಿಯಿದ್ದ ಗಂಜಿ ನೋಡನೋಡುತ್ತ ನೀರಾಗುತ್ತದೆ, ನಾಲಿಗೆಗೆ ಇಟ್ಟರೆ ಸಿಹಿ. ಬಿಳಿ ಬಸಿಯ ಮೇಲೆ ಒಂದು ಹನಿ ಹಾಕಿ ಅದಕ್ಕೆ ಅಯೋಡಿನ್ ಬಿಟ್ಟಾಗ ಕಡುನೀಲಿಯಾದರೆ ಪಿಷ್ಟ ಇನ್ನೂ ಉಳಿದಿದೆ. ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿದರೆ ಕೆಲಸ ಮುಗಿದಿದೆ.

ಮನೆಯಲ್ಲಿ ಜೋಳವನ್ನೇ ಮೊಳೆಸಿ ಮಾಲ್ಟ್ ಮಾಡಲು ನಾನು ಹೋಗುವುದಿಲ್ಲ. ಎಳೆ ಜೋಳ ಮೇಯ್ದ ದನ ಸಾಯುತ್ತದೆಂದು ನಮ್ಮ ರೈತರಿಗೆ ಗೊತ್ತು. ಧುರಿನ್ ಎಂಬ, ಸೈನೈಡ್ ಬಿಡುವ ವಸ್ತು ಮೊಳಕೆಯ ಚಿಗುರು, ಬೇರುಗಳಲ್ಲೂ ಇರುತ್ತದೆ. ಜೋಳದ ಮಾಲ್ಟ್ ಮಾಡುವವರು ಒಣಗಿಸಿದ ಮೇಲೆ ಅವನ್ನು ಪೂರ್ತಿ ಉಜ್ಜಿ ತೆಗೆಯುತ್ತಾರೆ.

ಸೋಸಿದ ಸಿಹಿನೀರನ್ನು ಹಾಪ್ಸ್ ಎಂಬ ಬಳ್ಳಿಯ ಒಣಹೂ 30 ಗ್ರಾಂ ಹಾಕಿ ಒಂದು ತಾಸು ಕುದಿಸಬೇಕು. ಕಹಿ ಬರುವುದು, ಬೇಗ ಕೆಡದಂತೆ ನೋಡಿಕೊಳ್ಳುವುದು ಅದರಿಂದಲೇ. 20 ಡಿಗ್ರಿಗೆ ತಣಿಸಿ ಯೀಸ್ಟ್ ಹಾಕಿದರೆ, ಅದು ಸಕ್ಕರೆ ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ತಣಿದ ಮೇಲೆ ಮುಟ್ಟುವ ಸೌಟು, ಕೊಳವೆ, ಬಾಟಲಿ ಎಲ್ಲವೂ ಕ್ರಿಮಿರಹಿತವಾಗಿರಬೇಕು. ಸಾಂದ್ರತೆ 1.037ರಿಂದ 1.011ಕ್ಕೆ ಇಳಿದು ಕೆಲವು ದಿನ ಅಲ್ಲೇ ನಿಂತ ಬಳಿಕ ಬಾಟಲಿಗೆ ತುಂಬಬೇಕು. ಅವಸರ ಮಾಡಿದರೆ ಬಾಟಲಿ ಸಿಡಿಯುತ್ತದೆ. ಮದ್ಯಸಾರ ಶೇ 3.4ರ ಸುಮಾರು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಜೋಳದ ಅಂಬಲಿಯೂ ಗಡಿಗೆಯಲ್ಲಿ ಹುದುಗಿದ್ದೇ. ಅಲ್ಲಿ ಮೊಳಕೆಯಿಲ್ಲ, ಹಾಗಾಗಿ ಪಿಷ್ಟ ಹೆಚ್ಚು ಸಕ್ಕರೆಯಾಗುವುದಿಲ್ಲ. ಮುಖ್ಯ ಕೆಲಸ ಹಾಲು ಹುಳಿಸುವಂಥ ಬ್ಯಾಕ್ಟೀರಿಯಾಗಳದು. ಆದ್ದರಿಂದ ಅದು ಮಕ್ಕಳೂ ಕುಡಿಯುವ ತಂಪು. ನುಚ್ಚು ಎಷ್ಟು ಬೇಯಬೇಕು, ಎಷ್ಟು ಆರಬೇಕು, ಹುಳಿ ಎಲ್ಲಿಗೆ ನಿಲ್ಲಬೇಕು ಎಂದು ಕೈಯಳತೆಯಲ್ಲೇ ಬಲ್ಲ ನಮ್ಮ ಹೆಣ್ಣುಮಕ್ಕಳ ಜ್ಞಾನವನ್ನು ನಾನು ಇಲ್ಲಿನ ಯಾವ ಪರಿಣತರ ಜ್ಞಾನಕ್ಕಿಂತಲೂ ಕಡಿಮೆ ಎಂದು ಎಣಿಸುವುದಿಲ್ಲ.

ಆಫ್ರಿಕಾ ಜೋಳವನ್ನು ಗೌರವಿಸಿದೆ. ಬುರ್ಕಿನಾ ಫಾಸೋದ ಹೆಂಗಸರು ಕೆಂಪುಜೋಳದಿಂದ ‘ಡೋಲೋ’ ಎಂಬ ಬಿಯರ್ ಮಾಡಿ ಮಾರಿ ಸಂಸಾರ ನಡೆಸುತ್ತಾರೆ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದು ನಿಲ್ಲಿಸಿದಾಗ ಅಲ್ಲಿನ ಗಿನ್ನೆಸ್ ಬಿಯರ್ ಕಂಪನಿ ಕೂಡ ಸ್ಥಳೀಯ ಜೋಳಕ್ಕೆ ಬಂತು. ಬೆಂಗಳೂರಿನಲ್ಲಿ ಇಂದು ಪರವಾನಗಿ ಪಡೆದ ಎಷ್ಟೋ ಮೈಕ್ರೊಬ್ರೂವರಿಗಳಿವೆ. ಅವರು ನುಚ್ಚನ್ನು ಬೇರೆಯಾಗಿ ಬೇಯಿಸುವಷ್ಟು ತಾಳ್ಮೆ ತೋರಿದರೆ ಕಲಬುರಗಿಯ ಎರೆಹೊಲದ ಹಿಂಗಾರಿ ಜೋಳಕ್ಕೆ ಇನ್ನೊಬ್ಬ ಗಿರಾಕಿ ಸಿಕ್ಕಂತಾಗುತ್ತದೆ. ರೊಟ್ಟಿಯ ಪಾಲಿಗೆ ಕೈ ಹಾಕದೆ, ರೈತನಿಂದಲೇ ನೇರ ಕೊಂಡು, ಬಾಟಲಿಯ ಮೇಲೆ ಊರಿನ ಹೆಸರು ಅಚ್ಚು ಹಾಕಿ ಮಾರಲಿ. ಜೋಳ ಬೆಳೆಯುವವರ ಮನೆಯಲ್ಲಿ ಹುಟ್ಟಿದ ನನಗೆ ಇದು ಆಗಲೇಬೇಕಾದ ಕೆಲಸ ಅನ್ನಿಸುತ್ತದೆ.