ಕಿಟಕಿಗೂ ಉಡುಪು ಉಂಟೇ?



ಇಂಗ್ಲಿಷಿನಲ್ಲಿ ‘ವಿಂಡೋ ಡ್ರೆಸ್ಸಿಂಗ್’ ಎಂಬ ನುಡಿಗಟ್ಟು ಇದೆ. ವಿಂಡೋ ಎಂದರೆ ಕಿಟಕಿ, ಡ್ರೆಸ್ ಎಂದರೆ ಉಡುಪು. ಹಾಗಾದರೆ ಕಿಟಕಿಗೆ ಅಂಗಿ ಚಡ್ಡಿ ಹಾಕೋದಾ ಅಂತ ನಗಬೇಡಿ. ಡ್ರೆಸ್ ಎಂದರೆ ಸಿಂಗರಿಸು ಅಂತಲೂ ಅರ್ಥ. ಕಿಟಕಿ ಎಂದರೆ ಇಲ್ಲಿ ಅಂಗಡಿಯ ಮುಂದಿನ ಗಾಜು.

ಇಂಗ್ಲೆಂಡಿನಲ್ಲಿ ಹಿಂದೆ ಗಾಜಿಗೆ ತೆರಿಗೆ ಇತ್ತು. ಮನೆಯ ಕಿಟಕಿ ಎಣಿಸಿ ಅದಕ್ಕೂ ತೆರಿಗೆ ಹಾಕುತ್ತಿದ್ದರು! ಗಾಜಿನ ತೆರಿಗೆ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾಯಿತು. ಅಂಗಡಿಗಳಿಗೆ ದೊಡ್ಡ ದೊಡ್ಡ ಗಾಜು ಬಂತು. ಅದರ ಹಿಂದೆ ಒಳ್ಳೊಳ್ಳೆ ಬಟ್ಟೆ, ಟೋಪಿ ಜೋಡಿಸಿಟ್ಟರು. 1909ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೆಲ್ಫ್‌ರಿಜಸ್ ಅಂಗಡಿಯ ಕಿಟಕಿಗಳು ಬಹಳ ಹೆಸರಾದವು.

ಆದರೆ ಕಿಟಕಿಯಲ್ಲಿ ಕಂಡಷ್ಟು ಚೆಂದದ ಮಾಲು ಒಳಗೂ ಇರಬೇಕಲ್ಲ? ಇಲ್ಲದಿದ್ದರೆ ಅದು ಬರೀ ತೋರಿಕೆ. ಹೀಗೆ ಈ ಮಾತಿಗೆ ‘ತೋರಿಕೆಯ ಕೆಲಸ’ ಎಂಬ ಅರ್ಥ ಬಂತು. ಕೊಡಬೇಕಾದ ಬಾಕಿಯನ್ನು ತಡೆದು, ವರ್ಷದ ಲೆಕ್ಕ ಮುಗಿಯುವ ದಿನ ಕೈಯಲ್ಲಿ ತುಂಬ ಹಣ ಇದೆ ಎಂದು ತೋರಿಸುವ ಕಂಪನಿಗಳ ಕೆಲಸಕ್ಕೂ ಇದೇ ಹೆಸರು.

ನಮ್ಮಲ್ಲಿ ಇದಕ್ಕೆ ‘ನಾಮಕಾವಾಸ್ತೆ’ ಅಂತಾರೆ. ‘ಹೊರಗೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯೂ ಇದೆ.

ಹಾಗಂತ ತೋರಿಕೆಯೆಲ್ಲಾ ಕೆಟ್ಟದ್ದಲ್ಲ. ದಸರಾ ಗೊಂಬೆ ಇರೋದೇ ನೋಡೋಕೆ, ಅದರಿಂದ ಯಾರಿಗೂ ಮೋಸವಿಲ್ಲ. ಹೊಲದ ಬೆರ್ಚಪ್ಪ ಬರೀ ಹುಲ್ಲು, ಹಳೇ ಅಂಗಿ. ಆದರೂ ನಿಂತಲ್ಲೇ ನಿಂತು ಹಕ್ಕಿ ಓಡಿಸ್ತಾನೆ. ಉಪಯೋಗಕ್ಕೆ ಅಂತ ತಂದದ್ದನ್ನು ಬರೀ ನೋಡೋಕೆ ಇಟ್ಟರೆ ಮಾತ್ರ ತಪ್ಪು.

ನಮ್ಮ ಗಾಜಿನ ಬೀರುವಿನಲ್ಲಿ ಸೂಕ್ಷ್ಮದರ್ಶಕ ಇದೆ. ಸಾಹೇಬರು ತಪಾಸಣೆಗೆ ಬಂದ ದಿನ ಬೀಗ ತೆಗೆದು ಧೂಳು ಒರೆಸುತ್ತಾರೆ. ಮಾರನೇ ದಿನ ಮತ್ತೆ ಬೀಗ. ಒಡೆದರೆ ಗುರುಗಳೇ ಲೆಕ್ಕ ಕೊಡಬೇಕು, ಆ ಭಯ ನಮಗೂ ಅರ್ಥವಾಗುತ್ತದೆ. ಆದರೆ ಈರುಳ್ಳಿ ಸಿಪ್ಪೆಯ ಜೀವಕೋಶದ ಚಿತ್ರ ನಾವೆಲ್ಲ ಬರೆದಿದ್ದೇವೆ, ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಶನಿವಾರ ಒಂದು ಪಿರಿಯಡ್, ಗುರುಗಳ ಎದುರಿನಲ್ಲೇ, ಒಬ್ಬೊಬ್ಬರಾಗಿ ನೋಡಲು ಬಿಟ್ಟರೆ ಸಾಕು. ಒರೆಸಿ ಎತ್ತಿಡೋ ಕೆಲಸ ನಮ್ಮದು. ಈರುಳ್ಳಿಯೂ ನಾವೇ ತರ್ತೀವಿ.

ಈ ವರ್ಷ ಕಳೆದರೆ ಏಳನೇ ತರಗತಿಯವರು ಈ ಶಾಲೆ ಬಿಟ್ಟು ಹೋಗುತ್ತೇವೆ. ಅಷ್ಟರೊಳಗೆ ಒಂದು ಸಲ ನೋಡಬೇಕು ಎಂಬುದು ನಮ್ಮ ಆಸೆ.

– ಏಳನೇ ತರಗತಿಯ ವಿದ್ಯಾರ್ಥಿನಿ